ಟೆನಿಸ್ ಎಲ್ಬೋ: ವಿಶ್ರಾಂತಿಯಲ್ಲಿ ಇಳಿಯುವ ನೋವು ಕೆಲಸಕ್ಕೆ ಕೈ ಹಾಕಿದರೆ ಮರಳುವುದೇಕೆ?

ಹಿಡಿತ_ಸಡಿಲ (ಪ್ರಶ್ನೆ)

ಬಲ ಮೊಣಕೈಯ ಹೊರಬದಿಯ ಎಲುಬನ್ನು ಒತ್ತಿದರೆ ನೋವು. ನೀರು ತುಂಬಿದ ಜಗ್ ಎತ್ತುವಾಗ, ಬಟ್ಟೆ ಹಿಂಡುವಾಗ, ಸ್ಕ್ರೂಡ್ರೈವರ್ ತಿರುಗಿಸುವಾಗ ಮುಂಗೈವರೆಗೂ ಸೆಳೆಯುತ್ತದೆ. ಡಾಕ್ಟರು ಟೆನಿಸ್ ಎಲ್ಬೋ ಅಂದಿದ್ದಾರೆ. ಕೈಗೆ ಪೂರ್ತಿ ರಜೆ ಕೊಟ್ಟರೆ ಕಡಿಮೆ, ಮಾಮೂಲಿ ಕೆಲಸ ಶುರು ಮಾಡಿದರೆ ಮತ್ತೆ ಅದೇ ಕಥೆ. 2 ಕೆಜಿ ಡಂಬೆಲ್ ಹಿಡಿದು ಮಣಿಕಟ್ಟಿನ ವ್ಯಾಯಾಮ ಮಾಡಿದ್ದಕ್ಕೆ ಇನ್ನೂ ಜಾಸ್ತಿಯಾಯಿತು. ಎಷ್ಟು ತೂಕದಿಂದ ಶುರು ಮಾಡಬೇಕು? ನೋವಿದ್ದಾಗ ಮಾಡಬಹುದಾ? ಯಾವಾಗ ತೂಕ ಏರಿಸಬೇಕು? ಗೊತ್ತಿರುವವರು ಬಿಡಿಸಿ ಹೇಳಿ.

ಫಿಸಿಯೋ_ಮೇಜು

ವಿಶ್ರಾಂತಿಯಿಂದ ನೋವು ಇಳಿಯುತ್ತದೆ, ಆದರೆ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ, ಗಟ್ಟಿಯಾಗುವುದಿಲ್ಲ. ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಹಲವು ಸ್ನಾಯುಗಳು ಆ ಎಲುಬಿನ ಉಬ್ಬಿಗೆ ಅಂಟಿಕೊಂಡಿವೆ. ಅವುಗಳಲ್ಲಿ ಹೆಚ್ಚಾಗಿ ಕೆಡುವುದು ಎಕ್ಸ್‌ಟೆನ್ಸರ್ ಕಾರ್ಪೈ ರೇಡಿಯಾಲಿಸ್ ಬ್ರೆವಿಸ್ ಎಂಬುದರ ರಜ್ಜು. ನಾವು ಮುಷ್ಟಿ ಬಿಗಿದಾಗಲೆಲ್ಲ ಮಣಿಕಟ್ಟು ಮಡಚಿಕೊಳ್ಳದಂತೆ ತಡೆದು ಹಿಡಿಯುವ ಕೆಲಸ ಇದರದ್ದೂ ಹೌದು, ಅದಕ್ಕೇ ಏನನ್ನು ಹಿಡಿದರೂ ನೋವು. ತಿಂಗಳುಗಟ್ಟಲೆ ಹಳೆಯದಾದ ನೋವಿನಲ್ಲಿ ಅಲ್ಲಿ ಉರಿಯೂತಕ್ಕಿಂತ ಹೆಚ್ಚಾಗಿ ಕಾಣುವುದು ರಜ್ಜನ್ನು ಕಟ್ಟಿರುವ ಕಾಲಜನ್ ಎಂಬ ಪ್ರೋಟೀನಿನ ಅಡ್ಡಾದಿಡ್ಡಿಯಾದ ಎಳೆಗಳು. ಅವು ಮತ್ತೆ ನೆಟ್ಟಗಾಗಲು ಎಳೆತ ಬೇಕು, ಹದ ಮೀರದ ಎಳೆತ. 2 ಕೆಜಿ ನಿಮ್ಮ ರಜ್ಜಿಗೆ ಸದ್ಯ ಹದ ಮೀರಿದ್ದು, ಅಷ್ಟೇ.

ಮೊದಲು ಅಲುಗಾಡಿಸದೆ ಬಲ ಹಾಕುವ ಐಸೊಮೆಟ್ರಿಕ್. ಮೊಣಕೈಯನ್ನು 90 ಡಿಗ್ರಿ ಮಡಚಿ ಮುಂಗೈಯನ್ನು ಮೇಜಿನ ಮೇಲಿಡಿ. ಅಂಗೈ ಕೆಳಮುಖ, ಹಸ್ತ ಮೇಜಿನ ಅಂಚಿನಿಂದ ಆಚೆ. ಇನ್ನೊಂದು ಕೈಯನ್ನು ಹಸ್ತದ ಹಿಂಬದಿಗೆ ಒತ್ತಿಕೊಂಡು, ನೋಯುವ ಕೈಯಿಂದ ಮೇಲಕ್ಕೆ ತಳ್ಳಿ. ಹಸ್ತ ಒಂದಿಷ್ಟೂ ಕದಲಬಾರದು. ಪೂರ್ತಿ ಬಲ ಬೇಡ, ಅರ್ಧಕ್ಕಿಂತ ಕಡಿಮೆ ಸಾಕು. 30ರಿಂದ 45 ಸೆಕೆಂಡು ಹಿಡಿದು, ಒಂದೆರಡು ನಿಮಿಷ ಬಿಟ್ಟು, ಹೀಗೆ 4–5 ಸಲ. ದಿನವೂ ಮಾಡಬಹುದು.

ನೋವಿನ ಲೆಕ್ಕ ಹೀಗಿಡಿ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ, ಮಾಡುವಾಗ 3ರವರೆಗೆ ನೋವು ಬಂದರೆ ಪರವಾಗಿಲ್ಲ. ತೀರ್ಪು ಕೊಡುವುದು ಮರುದಿನದ ಬೆಳಿಗ್ಗೆ. ಒಂದೇ ಜಗ್, ಅದೇ ಮಟ್ಟದ ನೀರು, ಅಂಗೈ ಕೆಳಮುಖವಾಗಿ ಒಮ್ಮೆ ಎತ್ತಿ ನೋಡಿ. ನಿನ್ನೆಯಷ್ಟೇ ಅಥವಾ ಕಡಿಮೆ ಇದ್ದರೆ ನಿನ್ನೆಯ ಪ್ರಮಾಣ ಸರಿಯಿತ್ತು. ಜಾಸ್ತಿಯಿದ್ದರೆ ಪ್ರಮಾಣ ಹೆಚ್ಚಾಯಿತು, ಹಿಂದಕ್ಕೆ ಬನ್ನಿ. ವ್ಯಾಯಾಮಕ್ಕೆ ಮುಂಚೆ ನೋವಿನ ಮಾತ್ರೆ ನುಂಗಿದರೆ ಈ ಲೆಕ್ಕವೇ ಸಿಗುವುದಿಲ್ಲ.

ಎರಡನೆಯ ಹಂತಕ್ಕೆ ಡಂಬೆಲ್ ಬೇಕಿಲ್ಲ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಅರ್ಧ ಲೀಟರ್ ನೀರು ಹಾಕಿ, ಸರಿಸುಮಾರು 500 ಗ್ರಾಂ ಆಯಿತು. ಮೇಜಿನ ಮೇಲೆ ಮೊದಲಿನ ಭಂಗಿಯೇ. ಬಾಟಲಿ ಹಿಡಿದ ಹಸ್ತವನ್ನು ಇನ್ನೊಂದು ಕೈಯಿಂದಲೇ ಮೇಲಕ್ಕೆತ್ತಿ, ನಂತರ ಆ ಸಹಾಯ ಬಿಟ್ಟು 4 ಸೆಕೆಂಡಿನಲ್ಲಿ ಮೆಲ್ಲಗೆ ಕೆಳಗಿಳಿಸಿ. ಇದು ಎಕ್ಸೆಂಟ್ರಿಕ್, ಅಂದರೆ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುವ ವ್ಯಾಯಾಮ. 15 ಸಲಕ್ಕೆ ಒಂದು ಸೆಟ್, ಒಟ್ಟು 3 ಸೆಟ್, ದಿನ ಬಿಟ್ಟು ದಿನ. ಸತತ ಎರಡು ಸಲ ಮೂರೂ ಸೆಟ್ ಮುಗಿದು ಮರುದಿನ ಬೆಳಿಗ್ಗೆಯೂ ತಕರಾರಿಲ್ಲದಿದ್ದರೆ 250 ಮಿಲಿ ನೀರು ಸೇರಿಸಿ. ದಪ್ಪ ಬಾಟಲಿ ಹಿಡಿಯುವುದೇ ನೋವಾದರೆ ಅದನ್ನು ಬಟ್ಟೆಚೀಲಕ್ಕೆ ಹಾಕಿ ಹಿಡಿಯನ್ನು ಹಿಡಿದುಕೊಳ್ಳಿ, ಚೀಲ ತೂಗಾಡದಂತೆ ನೋಡಿಕೊಳ್ಳಿ. 1 ಕೆಜಿ ಸಲೀಸಾದ ಮೇಲೆ ಎತ್ತುವುದನ್ನೂ ಅದೇ ಕೈಯಿಂದ ಮಾಡಿ.

ನಡುವೆ ಒಂದು ದಿನ ಬಿಡುವುದಕ್ಕೆ ಕಾರಣವಿದೆ. ಭಾರ ಬಿದ್ದ ಮೊದಲ ದಿನ ರಜ್ಜಿನಲ್ಲಿ ಕಾಲಜನ್ ಕಟ್ಟುವುದಕ್ಕಿಂತ ಒಡೆಯುವುದು ಹೆಚ್ಚು, ಆಮೇಲೆ ಲೆಕ್ಕ ತಿರುಗುತ್ತದೆ. ದಿನವೂ ಭಾರ ಎತ್ತಿದರೆ ಒಡೆತವೇ ಮುಂದೆ.

ರಬ್ಬರ್_ಕಡ್ಡಿ

ಮೇಲಿನದಕ್ಕೆ ನನ್ನ ಸಹಮತವಿದೆ. ಕೆಡುವುದು ಎಲ್ಲಿ ಅಂತ ಹೇಳುತ್ತೇನೆ. ಮೊದಲನೆಯದು ಬಾಟಲಿಯನ್ನು ಜೀವ ಹೋದಂತೆ ಬಿಗಿಯಾಗಿ ಹಿಡಿಯುವುದು. ತೂಕ ಕಡಿಮೆಯಿದ್ದರೂ ಹಿಡಿತದ ಬಲವೇ ರಜ್ಜನ್ನು ದಣಿಸುತ್ತದೆ. ಎರಡನೆಯದು ಭುಜ ಕಿವಿಯ ಕಡೆ ಏರುವುದು. ಮೂರನೆಯದು ಇಳಿಸುವಾಗ ಕೊನೆಯಲ್ಲಿ ಧಡಕ್ಕನೆ ಬಿಟ್ಟುಬಿಡುವುದು: 4 ಸೆಕೆಂಡು ಅಂದದ್ದು 2 ಆಗಿರುತ್ತದೆ, ಗಡಿಯಾರ ನೋಡಿ. ಇನ್ನೊಂದು, ಬೇಗ ವಾಸಿಯಾಗಲಿ ಅಂತ ಮೊಣಕೈ ನೆಟ್ಟಗೆ ಮಾಡಿ ಮಣಿಕಟ್ಟನ್ನು ಜೋರಾಗಿ ಬಗ್ಗಿಸುವ ಸ್ಟ್ರೆಚ್. ಮೊಣಕೈ ನೆಟ್ಟಗಾದಾಗ ಈ ರಜ್ಜು ಎಲುಬಿನ ಮೇಲೆ ಒತ್ತಿಕೊಳ್ಳುತ್ತದೆ. ನೋವು ಕೆರಳಿರುವಾಗ ಅದನ್ನು ಬಿಡುವುದೇ ವಾಸಿ.

1 ಕೆಜಿ ಆಸುಪಾಸಿಗೆ ಬಂದ ಮೇಲೆ ರಬ್ಬರ್ ಕಡ್ಡಿಯ (ತಿರುಚಿ ಬಿಟ್ಟರೆ ಮೊದಲಿನಂತಾಗುವ ದಪ್ಪ ರಬ್ಬರ್ ಕೋಲು) ತಿರುಚು ಸೇರಿಸಬಹುದು. ನೋಯುವ ಕೈಯಲ್ಲಿ ಕಡ್ಡಿಯ ಕೆಳತುದಿ, ಮಣಿಕಟ್ಟು ಹಿಂದಕ್ಕೆ ಬಾಗಿರಲಿ. ಮೇಲ್ತುದಿಯನ್ನು ಒಳ್ಳೆಯ ಕೈಯಿಂದ ಹಿಡಿದು ತಿರುಚಿ. ತಿರುಚು ಬಿಡದೆ ಎರಡೂ ಕೈ ಮುಂದಕ್ಕೆ ಚಾಚಿ, ಒಳ್ಳೆಯ ಕೈಯನ್ನು ಹಾಗೇ ಹಿಡಿದು, ನೋಯುವ ಕೈಯ ಮಣಿಕಟ್ಟನ್ನು ಮೆಲ್ಲಗೆ ಮುಂದಕ್ಕೆ ಬಿಡುತ್ತಾ ತಿರುಚು ಬಿಚ್ಚಿಕೊಳ್ಳಲು ಬಿಡಿ. ಸುರುಳಿ ಸುತ್ತಿದ ಟವೆಲ್ ಇದಕ್ಕೆ ಬದಲಿಯಲ್ಲ, ಅದಕ್ಕೆ ಮರಳಿ ಎಳೆಯುವ ಗುಣವಿಲ್ಲ. ಟವೆಲ್ ಹಿಂಡುವುದು ಹಿಡಿತಕ್ಕೆ ಮಾತ್ರ.

ಸ್ಕ್ರೂಡ್ರೈವರ್ ಕೆಲಸವಿರುವುದರಿಂದ ಸುತ್ತಿಗೆಯ ವ್ಯಾಯಾಮವೂ ಬೇಕು. ಮುಂಗೈ ಮೇಜಿನ ಮೇಲೆ, ಸುತ್ತಿಗೆ ನೆಟ್ಟಗೆ. ಎಡಕ್ಕೂ ಬಲಕ್ಕೂ ನಿಧಾನವಾಗಿ ವಾಲಿಸಿ, ಮತ್ತೆ ನೆಟ್ಟಗೆ ತನ್ನಿ. ತಲೆಯ ಹತ್ತಿರ ಹಿಡಿದರೆ ಹಗುರ, ಹಿಡಿಯ ತುದಿಗೆ ಜಾರಿದಷ್ಟೂ ಭಾರ. ತೂಕ ಬದಲಿಸದೆ ಎರಡು ಬೆರಳಗಲ ಜಾರಿಸಿಕೊಂಡು ಹೋದರೆ ಸಾಕು.

ಹಿಡಿತ_ಸಡಿಲ

ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್. ಮೊಣಕೈ ಪಟ್ಟಿ ಕಟ್ಟಿಕೊಳ್ಳಬೇಕಾ? ಸ್ಟಿರಾಯ್ಡ್ ಇಂಜೆಕ್ಷನ್ ತಗೊಂಡರೆ ಬೇಗ ಮುಗಿಯುತ್ತೆ ಅನ್ನುತ್ತಾರೆ.

ಬ್ಯಾಕ್‌ಹ್ಯಾಂಡ್

ಪಟ್ಟಿಯನ್ನು ನೋಯುವ ಎಲುಬಿನ ಮೇಲೆ ಕಟ್ಟುವವರೇ ಜಾಸ್ತಿ. ಅದು ಇರಬೇಕಾದದ್ದು ಎಲುಬಿನಿಂದ 2–3 ಸೆಂ.ಮೀ. ಕೆಳಗೆ, ಮುಂಗೈಯ ದಪ್ಪ ಸ್ನಾಯುವಿನ ಮೇಲೆ. ಬೆರಳು ಜುಮುಜುಮು ಅಂದರೆ ಸಡಿಲಿಸಿ. ಕೆಲಸದ ಹೊತ್ತಿಗೆ ಕಟ್ಟಿ, ಮಲಗುವಾಗ ಬಿಚ್ಚಿ. ನೋವು ಸ್ವಲ್ಪ ತಗ್ಗಿಸುತ್ತದೆ, ರಜ್ಜು ಬಲಪಡಿಸುವುದಿಲ್ಲ.

ಇಂಜೆಕ್ಷನ್ ಬಗ್ಗೆ ನನ್ನದು ಖಡಾಖಂಡಿತ ಅಭಿಪ್ರಾಯ: ಅವಸರಕ್ಕೆ ಅದು ಮೋಸ. 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 198 ಜನರನ್ನು ಇಂಜೆಕ್ಷನ್, ಫಿಸಿಯೋಥೆರಪಿ, ಸುಮ್ಮನೆ ಕಾಯುವುದು ಎಂದು ಮೂರು ಗುಂಪು ಮಾಡಿದ್ದರು. 6 ವಾರಕ್ಕೆ ಇಂಜೆಕ್ಷನ್‌ನವರು ಎಲ್ಲರಿಗಿಂತ ಮುಂದೆ. 52 ವಾರಕ್ಕೆ ಅವರೇ ಹಿಂದೆ, ಮರುಕಳಿಕೆಯೂ ಅವರಲ್ಲೇ ಹೆಚ್ಚು.

ದಿನದ ಕೆಲಸದಲ್ಲಿ ಒಂದು ಬದಲಾವಣೆ ಈಗಲೇ ಮಾಡಿ. ಏನನ್ನೇ ಎತ್ತುವಾಗ ಅಂಗೈ ಮೇಲ್ಮುಖವಾಗಿರಲಿ, ಮೊಣಕೈ ಮೈಗೆ ಹತ್ತಿರವಿರಲಿ. ಆಗ ಭಾರ ರಟ್ಟೆಯ ಸ್ನಾಯುವಿಗೆ ಹೋಗುತ್ತದೆ. ಮುಂದೆ ರಾಕೆಟ್ ಹಿಡಿಯುವವರಿಗೆ: ಚೆಂಡು ಮೈ ದಾಟಿದ ಮೇಲೆ ಬರೀ ಮಣಿಕಟ್ಟಿನಿಂದ ಹೊಡೆಯುವ ಒಂಟಿಗೈ ಬ್ಯಾಕ್‌ಹ್ಯಾಂಡೇ ದೊಡ್ಡ ಶತ್ರು. ತಂತಿಯ ಬಿಗಿ ಇಳಿಸಿ. 15 ನಿಮಿಷ ಫೋರ್‌ಹ್ಯಾಂಡ್‌ನಿಂದ ಶುರು ಮಾಡಿ. ತಂತಿಗೆ ಸಿಕ್ಕಿಸುವ ರಬ್ಬರ್ ಬಿರಡೆ ಸದ್ದು ಕಡಿಮೆ ಮಾಡುತ್ತದೆ, ಅದನ್ನೇ ನೆಚ್ಚಿಕೊಳ್ಳಬೇಡಿ.

ಫಿಸಿಯೋ_ಮೇಜು

ಒಂದು ಎಚ್ಚರಿಕೆ ಬಿಟ್ಟುಹೋಗಿತ್ತು. ನೋವಿನ ಬಿಂದು ಎಲುಬಿನ ಮೇಲಲ್ಲದೆ ಮೂರ್ನಾಲ್ಕು ಸೆಂ.ಮೀ. ಕೆಳಗೆ ಸ್ನಾಯುವಿನೊಳಗೆ ಇದ್ದರೆ ಅಲ್ಲಿ ಹಾದುಹೋಗುವ ರೇಡಿಯಲ್ ನರ ಒತ್ತಿಕೊಂಡಿರಬಹುದು. ಕತ್ತು ತಿರುಗಿಸಿದಾಗ ನೋವು ಬದಲಾದರೆ, ಬೆರಳು ಮರಗಟ್ಟಿದರೆ, ಬೆರಳುಗಳನ್ನು ಮೇಲೆತ್ತಲು ಬಲವೇ ಇಲ್ಲದಿದ್ದರೆ, ಮೊಣಕೈ ಅರ್ಧಕ್ಕೆ ಸಿಕ್ಕಿಕೊಂಡರೆ ಬಾಟಲಿ ಕೆಳಗಿಟ್ಟು ಡಾಕ್ಟರ ಬಳಿ ಹೋಗಿ.

ನಡುವೆ ಒಂದು ದಿನ ನೋವು ಕೆರಳುವುದು ಮಾಮೂಲು. ಆಗ ಪೂರ್ತಿ ನಿಲ್ಲಿಸಬೇಡಿ. ಎರಡು ದಿನ ಐಸೊಮೆಟ್ರಿಕ್ ಮಾತ್ರ ಮಾಡಿ, ಆಮೇಲೆ ಹಿಂದಿನ ತೂಕಕ್ಕಿಂತ 250 ಮಿಲಿ ಕಡಿಮೆ ನೀರಿನಿಂದ ಮುಂದುವರಿಸಿ. 6 ವಾರಕ್ಕೆ ಜಗ್ ಪರೀಕ್ಷೆಯಲ್ಲಿ ಫರಕು ಕಾಣಬೇಕು. 12 ವಾರಕ್ಕೂ ಇದ್ದಲ್ಲೇ ಇದ್ದರೆ ಭಾರ ಸಾಲುತ್ತಿಲ್ಲ ಅಥವಾ ಕಾಯಿಲೆ ಬೇರೆ, ಮತ್ತೆ ತೋರಿಸಿ.