ರಾತ್ರಿ ಕಾಲು ಸೆಟೆಯುತ್ತದೆ, ಮಾತ್ರೆ ಜಾಸ್ತಿ ಮಾಡಬೇಕಾ?

ಶಿರಸಿಯಿಂದ ಪ್ರಶ್ನೆ: ಕೊನೆ ಕೊಯ್ಯಲು ಅಡಿಕೆ ಮರ ಹತ್ತಿದ್ದ ಅಣ್ಣ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ. ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಮೊದಲು ಕಾಲು ಸಡಿಲವಾಗಿತ್ತು, ಈಗ ರಾತ್ರಿ ತಾನಾಗೇ ಸೆಟೆದು ಅದುರುತ್ತದೆ. ಕಾಲು ಬರುತ್ತಿದೆ ಅಂತ ಅಮ್ಮ ಖುಷಿಯಲ್ಲಿದ್ದಾಳೆ. ಅಣ್ಣನಿಗೆ ನಿದ್ದೆಯೇ ಇಲ್ಲ. ಅನುಭವ ಇದ್ದವರು ಹೇಳಿ.

ಕುಮಟಾದಿಂದ: ತಮ್ಮಾ, ನಾನೂ ತೆಂಗಿನ ಮರದಿಂದ ಬಿದ್ದು ವೀಲ್‌ಚೇರ್‌ನಲ್ಲಿರುವವನು. ಅಮ್ಮನಿಗೆ ಮೆತ್ತಗೆ ತಿಳಿಸಿ ಹೇಳು. ಪೆಟ್ಟಾದ ಮೇಲೆ ಕೆಲವು ವಾರ ಹುರಿ ಸುಮ್ಮನಿರುತ್ತದೆ, ಆಮೇಲೆ ಪೆಟ್ಟಿನ ಕೆಳಗಿನ ಭಾಗ ಮಿದುಳಿನ ಹಿಡಿತವಿಲ್ಲದೆ ತನ್ನಷ್ಟಕ್ಕೆ ಕೆಲಸ ಶುರು ಮಾಡುತ್ತದೆ, ಸ್ಪಾಸ್ಟಿಸಿಟಿ ಅಂದರೆ ಅದೇ. ಚೇತರಿಕೆ ಇದೆಯಾ ಅನ್ನುವುದು ಬೇರೆ ವಿಷಯ. ಅವನು ಮನಸ್ಸು ಮಾಡಿದಾಗ ಬೆರಳು ಆಡುತ್ತದಾ, ಡಾಕ್ಟರ್ ಅದನ್ನು ನೋಡುತ್ತಾರೆ.

ಮಾತ್ರೆಗಿಂತ ಮೊದಲು ಕಾರಣ ಹುಡುಕಿ. ಕೆಳಗೆ ನೋವು ಗೊತ್ತಾಗಲ್ಲ ಅಲ್ವಾ, ಅದಕ್ಕೆ ಕಾಲು ಸೆಟೆದು ತೋರಿಸುತ್ತದೆ. ಮೂತ್ರ ಕಟ್ಟಿದೆಯಾ, ಸೋಂಕಾಗಿದೆಯಾ, ಹೊಟ್ಟೆ ಸರಿಯಾಗಿ ಹೋಗುತ್ತಿದೆಯಾ, ಕುಂಡೆ ಹಿಮ್ಮಡಿಯಲ್ಲಿ ಹುಣ್ಣಿದೆಯಾ, ಬಟ್ಟೆ ಬಿಗಿಯಾ, ಎಲ್ಲ ನೋಡಿ. ನನಗೆ ಒಂದು ಮಳೆಗಾಲದಲ್ಲಿ ವಿಪರೀತವಾಗಿದ್ದು ಹೆಬ್ಬೆರಳ ಉಗುರು ಮಾಂಸದೊಳಗೆ ಬೆಳೆದಿದ್ದಕ್ಕೆ! ಥಂಡಿಗೂ ಜಾಸ್ತಿಯಾಗುತ್ತದೆ, ಘಟ್ಟದ ಮೇಲೆ ಕೇಳಬೇಕಾ. ಕಂಬಳಿ ಹೊದೆಸಿ. ಬಿಸಿನೀರ ಚೀಲ ಬೇಡ, ಬಚ್ಚಲ ಒಲೆ ಮುಂದೆ ಕೂರಿಸುವುದೂ ಬೇಡ, ಸುಟ್ಟರೂ ಅವನಿಗೆ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಬಿಗಿತ ಪೂರ್ತಿ ಹೋಗಲಿ ಅಂತ ಹಟ ಮಾಡಬೇಡಿ. ಮಂಚದಿಂದ ಕುರ್ಚಿಗೆ ದಾಟುವಾಗ ನಾನು ಆ ಬಿಗಿತದ ಬಲದ ಮೇಲೇ ಅರೆಕ್ಷಣ ನಿಲ್ಲುತ್ತೇನೆ. ಬಿಗಿತ ಇಳಿಸುವ ಮಾತ್ರೆ ಬ್ಯಾಕ್ಲೋಫೆನ್ ಏರಿಸಿದಾಗ ಅದುರು ನಿಂತಿತು ನಿಜ, ಆದರೆ ಕಾಲು ಜೋತುಬಿದ್ದು ಎತ್ತಲು ಇಬ್ಬರು ಬೇಕಾದರು, ಹಗಲೆಲ್ಲ ತೂಕಡಿಕೆ. ಡಾಕ್ಟರಿಗೆ ಹೇಳಿದ ಮೇಲೆ ಹಗಲಿಗೆ ಕಡಿಮೆ, ರಾತ್ರಿಗೆ ಜಾಸ್ತಿ ಮಾಡಿಕೊಟ್ಟರು, ಈಗ ನಿದ್ದೆಯೂ ಇದೆ, ದಾಟುವುದೂ ಇದೆ. ಹಾಗಾಗಿ ಸುಮ್ನೆ "ಬಿಗಿ ಇದೆ" ಅನ್ನಬೇಡಿ. ಯಾವ ಕೆಲಸಕ್ಕೆ ಅಡ್ಡ ಬರುತ್ತದೆ, ಯಾವುದಕ್ಕೆ ಅನುಕೂಲ, ಅದನ್ನು ಹೇಳಿ.

ಕಾರವಾರದಿಂದ: ಮೇಲಿನವರು ಹೇಳಿದ್ದು ಸರಿ. ಬ್ಯಾಕ್ಲೋಫೆನ್ ತಟ್ಟನೆ ನಿಲ್ಲಿಸಬಾರದು, ಫಿಟ್ಸ್ ಬರಬಹುದು. ಮಳೆಗೆ ಘಟ್ಟ ಕುಸಿದು ರಸ್ತೆ ಬಂದ್ ಆಗುವ ಊರು ನಮ್ಮದು, ಮುಗಿಯುವ ಮೊದಲೇ ತಂದಿಡಿ. ನಮ್ಮವರಿಗೆ ಪೆಟ್ಟಾಗಿದ್ದು ಕುತ್ತಿಗೆಯಲ್ಲಿ. ಟಿ-6 (ಎದೆ ಭಾಗದ ಬೆನ್ನುಹುರಿಯ ಆರನೇ ಹಂತ) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಸೆಟೆತದ ಜೊತೆ ಜೋರು ತಲೆನೋವು, ಮುಖದಲ್ಲಿ ಬೆವರು ಬಂದರೆ ಬಿಪಿ ಅಪಾಯಕ್ಕೆ ಏರಿರುತ್ತದೆ. ತಕ್ಷಣ ಎಬ್ಬಿಸಿ ಕೂರಿಸಿ, ಕ್ಯಾತಿಟರ್ (ಮೂತ್ರದ ನಳಿಗೆ) ಮಡಚಿದೆಯಾ ನೋಡಿ, ಇಳಿಯದಿದ್ದರೆ ಆಸ್ಪತ್ರೆಗೆ ಓಡಿ.

ನಾನು ಬೆಳಿಗ್ಗೆ ಮತ್ತು ಮಲಗುವ ಮೊದಲು ಅವರ ಕಾಲು ನಿಧಾನ ನೀಡಿಸುತ್ತೇನೆ. ಜಗ್ಗಿದರೆ ಮತ್ತೂ ಬಿಗಿಯುತ್ತದೆ, ಹಿಡಿದು ಕಾದರೆ ತಾನೇ ಬಿಡುತ್ತದೆ. ಒಂದೇ ಕಡೆ ಬಿಗಿತ ಇದ್ದರೆ ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಇದೆ, ಸುಮಾರು 3 ತಿಂಗಳು ಕೆಲಸ ಮಾಡುತ್ತದೆ. ಅಣ್ಣನಿಗೆ ಪೆಟ್ಟು ಯಾವ ಹಂತದಲ್ಲಿ ಅಂತ ಡಿಸ್ಚಾರ್ಜ್ ಚೀಟಿ ನೋಡಿ ಇಲ್ಲಿ ಬರೆಯಿರಿ.