‘ಮೆಷ್’ಗೆ ಕನ್ನಡದಲ್ಲಿ ಏನನ್ನೋಣ? ಲ್ಯಾಬ್ ಫಲಕಕ್ಕೆ, ಗುರುವಾರದೊಳಗೆ ಬೇಕು

ವಿರಾಜಪೇಟೆಯ ಲ್ಯಾಬ್‌ನಿಂದ:

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕು. ಗುರುವಾರ ಬೆಳಗ್ಗೆ ಫ್ಲೆಕ್ಸ್ ಅಂಗಡಿಗೆ ಬರಹ ಕೊಡಬೇಕು. ನಾನು ಎಂಜಿನಿಯರಿಂಗ್ ಲ್ಯಾಬ್ ನೋಡಿಕೊಳ್ಳುವವನು. ತೊಲೆ ಎಷ್ಟು ಬಾಗುತ್ತದೆ, ಪೈಪಿನೊಳಗೆ ನೀರು ಹೇಗೆ ಹರಿಯುತ್ತದೆ ಎಂದು ಲೆಕ್ಕ ಹಾಕುವ ಸಿಮ್ಯುಲೇಶನ್ ಸಾಫ್ಟ್‌ವೇರ್ ನಮ್ಮಲ್ಲಿ ಓಡುತ್ತದೆ. ಸಂಜೆ ಓಡಿಸಿ ಬಿಟ್ಟ ಲೆಕ್ಕ ಬೆಳಗ್ಗೆ ಬಂದರೂ ಮುಗಿದಿರುವುದಿಲ್ಲ. ಮಳೆಗಾಲದಲ್ಲಿ ರಾತ್ರಿ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಅದಕ್ಕೇ ‘ಲೆಕ್ಕ ಬೇಗ ಮುಗಿಯಬೇಕೇ?’ ಎಂದು ಗೋಡೆಗೆ ಒಂದು ಫಲಕ ಮಾಡಿಸುತ್ತಿದ್ದೇನೆ.

ಕೆಲವು ಸಾಲು ಆಗಿವೆ. ‘ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಓಡಿಸಿ. ಬ್ಯಾಟರಿಯಲ್ಲಿ ಅದು ವೇಗ ತಗ್ಗಿಸಿಕೊಳ್ಳುತ್ತದೆ.’ ‘ಪೆನ್‌ಡ್ರೈವ್‌ನಿಂದ ಓಡಿಸಬೇಡಿ. ಫೈಲನ್ನು ಕಂಪ್ಯೂಟರಿನ ಒಳಗಿನ ಎಸ್‌ಎಸ್‌ಡಿ ಡಿಸ್ಕಿಗೆ ಹಾಕಿಕೊಳ್ಳಿ.’ ‘ಮೆಮೊರಿ ತುಂಬಿದೆಯಾ ನೋಡಿ. ತುಂಬಿದರೆ ಲೆಕ್ಕ ಡಿಸ್ಕಿಗೆ ಇಳಿಯುತ್ತದೆ, ಆಮೇಲೆ ಮುಗಿಯುವುದೇ ಇಲ್ಲ.’

ಸಿಕ್ಕಿಕೊಂಡಿರುವುದು ಎಲ್ಲಕ್ಕಿಂತ ಮುಖ್ಯವಾದ ಸಾಲಿನಲ್ಲಿ. ವಸ್ತುವನ್ನು ಸಾವಿರಾರು ತುಂಡು ಮಾಡಿ ಲೆಕ್ಕ ಹಾಕುತ್ತೇವಲ್ಲ, ಆ ಮೆಷ್. ತುಂಡಿನ ಅಳತೆ ಅರ್ಧ ಮಾಡಿದರೆ ಉದ್ದ, ಅಗಲ, ಎತ್ತರ ಮೂರರಲ್ಲೂ ಎರಡೆರಡಾಗಿ ಒಟ್ಟು 8 ಪಟ್ಟು ತುಂಡುಗಳಾಗುತ್ತವೆ. ಹೋದ ಸಲ ‘ಜಾಲ ಸಣ್ಣದಾದಷ್ಟೂ ಲೆಕ್ಕ ನಿಧಾನ’ ಎಂದು ಬರೆಸಿದ್ದೆ. ಒಬ್ಬ ಹುಡುಗ ಅದನ್ನು ಓದಿ ಇಂಟರ್ನೆಟ್ ಕೇಬಲ್ ಬದಲಿಸಲು ಹೋದ. ತಪ್ಪು ಅವನದಲ್ಲ. ಜಾಲ ಅಂದರೆ ಈಗ ಅಂತರ್ಜಾಲವೇ ಅಲ್ವಾ? ಇನ್ನೊಬ್ಬಳು ಸಣ್ಣ ಜಾಲ ಎಂದರೆ ತುಂಡು ಕಡಿಮೆ ಎಂದುಕೊಂಡಳು. ಅರ್ಥ ಪೂರ್ತಿ ತಿರುಗಾಮುರುಗಾ. ದಯವಿಟ್ಟು ಸಹಾಯ ಮಾಡಿ.

ಮೈಸೂರಿನಿಂದ:

ಬಲೆ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಜಾಲ ಸಂಸ್ಕೃತದಿಂದ ಬಂದದ್ದು. ಬಲೆ ನಮ್ಮದು. ತಮಿಳಿನಲ್ಲಿ ವಲೈ, ಮಲಯಾಳದಲ್ಲಿ ವಲ, ತುಳುವಿನಲ್ಲಿ ಬಲೆ. ತಮಿಳಿನ ಮೊದಲಕ್ಷರದ ವಕಾರ ನಮ್ಮಲ್ಲಿ ಬಕಾರ: ವಿಲ್–ಬಿಲ್ಲು, ವೇರ್–ಬೇರು, ವಾ–ಬಾ. ನಿಮ್ಮ ಕೊಡಗಿನ ಭಾಷೆ ಕೊಡವ ತಕ್ಕ್‌ನಲ್ಲೂ ಹೀಗೇ. ಬರೆಸುವಾಗ ಲಕಾರ ಸರಿಯಾಗಿರಲಿ, ಬಳೆ ಬೇರೆ ಬಲೆ ಬೇರೆ. ಫ್ಲೆಕ್ಸ್ ಅಂಗಡಿಗಳಲ್ಲಿ ಇವೆರಡನ್ನೂ ಕಲಸಿಬಿಡುತ್ತಾರೆ.

ವಿರಾಜಪೇಟೆಯ ಲ್ಯಾಬ್‌ನಿಂದ:

ಥ್ಯಾಂಕ್ಸ್ ಸರ್. ಇಂಟರ್ನೆಟ್ ಗೊಂದಲ ಇದರಿಂದ ಹೋಗುತ್ತದೆ. ಆದರೆ ‘ಬಲೆ ಸಣ್ಣದು’ ಎಂದರೆ? ಬಲೆಯೇ ಚಿಕ್ಕದೋ, ಹೆಣಿಗೆ ಒತ್ತಾಗಿದೆಯೋ? ಮತ್ತೆ ಅಲ್ಲೇ ನಿಂತೆ.

ಸುಂಟಿಕೊಪ್ಪದಿಂದ:

ನಾನು ಕಾಫಿ ಬೆಳೆಗಾರ. ಕಂಪ್ಯೂಟರ್ ಜಾಸ್ತಿ ಗೊತ್ತಿಲ್ಲ. ಜರಡಿ ಗೊತ್ತು. ಕಾಫಿ ಬೀಜವನ್ನು ಜರಡಿ ಹಿಡಿದು ಎ, ಬಿ, ಸಿ ಎಂದು ಬೇರೆ ಮಾಡುತ್ತಾರೆ. ಅಲ್ಲಿ ಯಾರೂ ಸಣ್ಣ ಜರಡಿ ಅನ್ನುವುದಿಲ್ಲ. ಸಣ್ಣ ಕಣ್ಣಿನ ಜರಡಿ ಅನ್ನುತ್ತಾರೆ. ಮೀನಿನ ಬಲೆಗೂ ಅದೇ ಮಾತು. ‘ಕಣ್ಣು ಸಣ್ಣ ಮಾಡಿದಷ್ಟೂ ಲೆಕ್ಕ ನಿಧಾನ’ ಎಂದು ಬರೆಸಿ ನೋಡಿ. ಜರಡಿ ಎಷ್ಟು ದೊಡ್ಡದಿದ್ದರೂ ಕಣ್ಣು ಸಣ್ಣ ಇರಬಹುದಲ್ಲ.

ಬೆಂಗಳೂರಿನಿಂದ:

ಸಿಮ್ಯುಲೇಶನ್ ನನ್ನ ದಿನದ ಕೆಲಸ. ಕಣ್ಣು ಎಂದರೆ ತೂತು. ನಾವು ಲೆಕ್ಕ ಹಾಕುವುದು ತೂತನ್ನಲ್ಲ, ತುಂಬಿದ ತುಂಡನ್ನು. ಆದ್ದರಿಂದ ಕಣ್ಣು ತಪ್ಪು, ಬಲೆಯೂ ತಪ್ಪು. ಮೆಷ್ ಎಂದೇ ಇಡಿ. ಮೆನುವಿನಲ್ಲಿರುವುದು ಮೆಷ್. ಹುಡುಗರು ಒತ್ತಬೇಕಾದ ಬಟನ್ ಮೆಷ್. ಗೋಡೆಯ ಮೇಲೆ ಒಂದು ಹೆಸರು, ಪರದೆಯ ಮೇಲೆ ಇನ್ನೊಂದು ಇದ್ದರೆ ಯಾರಿಗೆ ಉಪಯೋಗ?

ಫಲಕಕ್ಕೆ ಇನ್ನೆರಡು ಮಾತು ಸೇರಿಸಿ. ಸೆಟ್ಟಿಂಗ್‌ನಲ್ಲಿ ಕೋರ್ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ) ಎಷ್ಟು ಎಂದು ಕೇಳಿದಾಗ ನಿಜವಾಗಿ ಇರುವಷ್ಟೇ ಕೊಡಿ. ಒಂದನ್ನು ಎರಡಾಗಿ ತೋರಿಸುವ ಹೈಪರ್‌ಥ್ರೆಡಿಂಗ್‌ನಿಂದ ಇಂಥ ಲೆಕ್ಕಕ್ಕೆ ಸಾಮಾನ್ಯವಾಗಿ ಲಾಭ ಇಲ್ಲ. ಮೆಮೊರಿ ಕೊಳ್ಳುವಾಗ 16 ಜಿಬಿಯ ಒಂದರ ಬದಲು 8 ಜಿಬಿಯ ಎರಡು ಕೊಳ್ಳಿ. ಡೇಟಾ ಎರಡು ದಾರಿಯಲ್ಲಿ ಬರುತ್ತದೆ. ಕೋರ್ ಜಾಸ್ತಿ ಹಾಕಿದಷ್ಟೂ ವೇಗ ಎಂಬ ನಂಬಿಕೆ ಬೇಡ. ಕೆಲಸದ ಹತ್ತರಲ್ಲೊಂದು ಭಾಗವನ್ನು ಒಂದೇ ಕೋರ್ ಮಾಡಬೇಕಾದರೆ, ಎಷ್ಟು ಕೋರ್ ಸೇರಿಸಿದರೂ 10 ಪಟ್ಟು ದಾಟಲಾಗದು. ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲೇ ಇದನ್ನು ಹೇಳಿದ್ದರು.

ಮೈಸೂರಿನಿಂದ:

ಎಲ್ಲ ಇಂಗ್ಲಿಷಿನಲ್ಲೇ ಇರಬೇಕಾದರೆ ಕನ್ನಡ ಫಲಕ ಏಕೆ? ಮೆನು ಕನ್ನಡದಲ್ಲಿಲ್ಲ ಎಂದು ಗೋಡೆಯೂ ಕನ್ನಡದಲ್ಲಿರಬಾರದೇ? ಈ ವಾದವನ್ನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಒಪ್ಪುವುದಿಲ್ಲ.

ಸುಂಟಿಕೊಪ್ಪದಿಂದ:

ಸರ್, ಸಿಟ್ಟಾಗಬೇಡಿ. ನಮ್ಮ ತೋಟದ ಮಾತು ಕೇಳಿ. ಕೆಲಸದವರ ಮನೆ ಲೈನ್‌ಮನೆ. ಲೆಕ್ಕ ಬರೆಯುವವರು ರೈಟರು. ಹಣ್ಣಿನ ಸಿಪ್ಪೆ ಬಿಡಿಸುವುದು ಪಲ್ಪರ್. ಕಾಫಿ ಎಂಬ ಹೆಸರೇ ಹೊರಗಿನದು. ನಮ್ಮ ಅಜ್ಜಿಗೆ ಶಾಲೆಯ ಮೆಟ್ಟಿಲು ಗೊತ್ತಿರಲಿಲ್ಲ, ಪಲ್ಪರ್ ಗೊತ್ತಿತ್ತು. ಅವರಾಡಿದ್ದು ಕನ್ನಡ ಅಲ್ಲ ಅನ್ನಲು ನನಗೆ ಮನಸ್ಸಿಲ್ಲ.

ಮೈಸೂರಿನಿಂದ:

ಪಲ್ಪರ್ ಯಂತ್ರದ ಜೊತೆ ಹಡಗಿನಲ್ಲಿ ಬಂತು. ಅದಕ್ಕೆ ನಮ್ಮಲ್ಲಿ ಹೆಸರಿರಲಿಲ್ಲ, ತಂದುಕೊಂಡೆವು. ಅದನ್ನು ನಾನು ಬೇಡ ಅಂದಿಲ್ಲ. ಮನೆಯಲ್ಲಿ ಅಕ್ಕಿ ಇರುವಾಗ ಪಕ್ಕದ ಮನೆಗೆ ಸೇರು ಹಿಡಿದು ಹೋಗುವುದನ್ನು ಬೇಡ ಅನ್ನುತ್ತಿದ್ದೇನೆ. ನೀವೇ ಕಣ್ಣು ಎಂಬ ಒಳ್ಳೆಯ ಪದ ಕೊಟ್ಟು, ಈಗ ನೀವೇ ಬಿಟ್ಟುಕೊಡುತ್ತಿದ್ದೀರಿ.

ನಾಪೋಕ್ಲಿನಿಂದ:

ನಾನು ನಿವೃತ್ತ ಶಿಕ್ಷಕಿ. ತೂತೋ ತುಂಡೋ ಎಂಬ ಜಗಳ ಓದಿದೆ. ನಮ್ಮ ಗದ್ದೆ ನೆನಪಾಯಿತು. ಬದುಗಳನ್ನು ಹಾಕಿ ನೆಲವನ್ನು ಮಡಿಗಳಾಗಿ ಭಾಗ ಮಾಡುತ್ತೇವೆ. ಮಡಿ ತೂತಲ್ಲ, ತುಂಬಿದ್ದೇ. ಬದುಗಳು ಕೂಡುವ ಕಡೆ ಮೂಲೆ. ನಿಮ್ಮ ಚಿತ್ರವೂ ಹಾಗೇ ಕಾಣುತ್ತದೆ ಅಲ್ವಾ? ಇನ್ನೊಂದು ವಿಷಯ. ಗುಡ್ಡದ ಇಳಿಜಾರಿನಲ್ಲಿ ಗದ್ದೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದು. ಕೆಳಗೆ ಬಯಲಿಗೆ ಬಂದರೆ ಅಗಲ. ಬಯಲಿನಲ್ಲಿ ಯಾರೂ ಸುಮ್ನೆ ಬದು ಹಾಕುವುದಿಲ್ಲ.

ಬೆಂಗಳೂರಿನಿಂದ:

ಮೇಡಂ, ನಮ್ಮ ಕೆಲಸದ ಅರ್ಧ ಗುಟ್ಟು ನಿಮ್ಮ ಕೊನೆಯ ಮೂರು ಸಾಲಿನಲ್ಲಿದೆ. ಒತ್ತಡ ಥಟ್ಟನೆ ಏರಿಳಿಯುವ ಕಡೆ, ಅಂದರೆ ತೂತಿನ ಅಂಚು, ಮೂಲೆ, ಬೆಸುಗೆಯ ಹತ್ತಿರ, ತುಂಡು ಸಣ್ಣ ಇರಬೇಕು. ಮಿಕ್ಕ ಕಡೆ ದೊಡ್ಡದು ಸಾಕು. ಹುಡುಗರು ಇಡೀ ಮಾದರಿಗೆ ಒಂದೇ ಸಣ್ಣ ಅಳತೆ ಕೊಟ್ಟು ರಾತ್ರಿಯೆಲ್ಲ ಕಾಯುತ್ತಾರೆ. ಬಯಲಿಗೂ ಬದು ಹಾಕಿದ ಹಾಗೆ.

ಡಿಕ್ಕಿಯಂಥ ಲೆಕ್ಕಗಳಲ್ಲಿ ಇನ್ನೂ ಕಷ್ಟ. ಅಲ್ಲಿ ಕಾಲವನ್ನೂ ಹೆಜ್ಜೆ ಹೆಜ್ಜೆಯಾಗಿ ಎಣಿಸಬೇಕು, ಆ ಹೆಜ್ಜೆಯ ಅಳತೆಯನ್ನು ಅತಿ ಸಣ್ಣ ತುಂಡು ತೀರ್ಮಾನಿಸುತ್ತದೆ. ಕೂರಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಗಣಿತಜ್ಞರು 1928ರಲ್ಲಿ ಕೊಟ್ಟ ನಿಯಮ ಇದು. ಎಲ್ಲೋ ಒಂದು ಮೂಲೆಯಲ್ಲಿ ಒಂದೇ ಒಂದು ಪುಟಾಣಿ ತುಂಡು ಉಳಿದರೂ ಇಡೀ ಲೆಕ್ಕ ಅದರ ಹೆಜ್ಜೆಯಲ್ಲೇ ನಡೆಯಬೇಕು. ಎಲ್ಲ ತುಂಡಿನ ಅಳತೆಯನ್ನೂ ಅರ್ಧ ಮಾಡಿದರೆ ಹೆಜ್ಜೆಗಳೂ ಎರಡು ಪಟ್ಟಾಗಿ, ಕೆಲಸ 8 ಅಲ್ಲ, 16 ಪಟ್ಟು.

ಮೈಸೂರಿನಿಂದ:

ಹೋಲಿಕೆ ಚೆನ್ನಾಗಿದೆ. ಪದ ಆಗದು. ಮಡಿ ಎಂದರೆ ಮೈಲಿಗೆಯ ಎದುರು. ಮಡಿ ಎಂದರೆ ಸಾಯು. ಇಮ್ಮಡಿ, ಮುಮ್ಮಡಿಯ ಮಡಿ ಬೇರೆ. ‘ಮಡಿ ಹೆಚ್ಚಾದರೆ ನಿಧಾನ’ ಎಂದು ಗೋಡೆಯ ಮೇಲೆ ಓದಿದವರು ಏನೆಂದು ತಿಳಿಯಬೇಕು?

ನಾಪೋಕ್ಲಿನಿಂದ:

ಸಸಿಮಡಿ ಎಂದಾಗ ಯಾರೂ ಸಾವನ್ನು ನೆನೆಯುವುದಿಲ್ಲ. ಆದರೆ ಲ್ಯಾಬಿನ ಮಕ್ಕಳಲ್ಲಿ ಗದ್ದೆಗೆ ಇಳಿದವರು ಈಗ ಎಷ್ಟು ಮಂದಿಯೋ. ಅದನ್ನು ಯೋಚಿಸಿದರೆ ನಿಮ್ಮ ಮಾತು ಒಪ್ಪುತ್ತೇನೆ.

ವಿರಾಜಪೇಟೆಯ ಲ್ಯಾಬ್‌ನಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ನಾಲ್ಕು ಹುಡುಗರಿಗೆ ಬೇರೆ ಬೇರೆ ಸಾಲು ಓದಿಸಿ ನೋಡಿದೆ. ‘ಸಣ್ಣ ಬಲೆ’ಗೆ ಇಬ್ಬರು ತಪ್ಪು ಅರ್ಥ ಹೇಳಿದರು. ‘ಕಣ್ಣು’ ಎಂದಾಗ ನಾಲ್ವರೂ ಸರಿ ಹೇಳಿದರು. ತೂತು ಎಂಬ ಆಕ್ಷೇಪ ಅವರಿಗೆ ಹೊಳೆಯಲೇ ಇಲ್ಲ. ಮೆಷ್ ಎಂಬ ಪದ ಇಲ್ಲದಿದ್ದರೆ ಯಾವ ಬಟನ್ ಎಂದು ಮಾತ್ರ ಕೇಳಿದರು. ಹಾಗಾಗಿ ಬಟನ್ನಿನ ಹೆಸರು ಮೆಷ್, ಅಳತೆಯ ಮಾತಿಗೆ ಕಣ್ಣು. ಮೈಸೂರಿನ ಸರ್ ಇದನ್ನು ಒಪ್ಪಲಿಕ್ಕಿಲ್ಲ, ಗೊತ್ತು.

ಅಂಗಡಿಗೆ ಕೊಡುವುದು ಇದು:

‘ಮೆಷ್‌ನ ಕಣ್ಣು ಅರ್ಧ ಮಾಡಿದರೆ ತುಂಡುಗಳು 8 ಪಟ್ಟು. ಮೊದಲು ದೊಡ್ಡ ಕಣ್ಣಿನಲ್ಲಿ ಓಡಿಸಿ ನೋಡಿ. ಒತ್ತಡ ಥಟ್ಟನೆ ಏರುವ ಕಡೆ ಮಾತ್ರ ಕಣ್ಣು ಸಣ್ಣ ಮಾಡಿ. ವಸ್ತುವೂ ಅದರ ಮೇಲಿನ ಭಾರವೂ ಎಡಬಲ ಒಂದೇ ಥರ ಇದ್ದರೆ ಮಾದರಿಯ ಅರ್ಧ ಮಾತ್ರ ಕಟ್ಟಿ.’

ಪಕ್ಕದಲ್ಲಿ ಗುಡ್ಡದ ಗದ್ದೆಯ ಒಂದು ಫೋಟೋ ಹಾಕಿಸುತ್ತೇನೆ. ಮೇಡಂ, ನಿಮ್ಮ ಕಡೆಯದೇ ಒಂದು ಇದ್ದರೆ ಬುಧವಾರ ರಾತ್ರಿಯೊಳಗೆ ಕಳಿಸಿಕೊಡಿ.