ಬೇಸ್ ಗಿಟಾರ್ ಸಿ ಟ್ಯೂನಿಂಗ್‌ಗೆ ಯಾವ ದಪ್ಪದ ತಂತಿ? ಸಹಾಯ ಬೇಕು

ನನ್ನದು ನಾಲ್ಕು ತಂತಿಯ ಬೇಸ್, 34 ಇಂಚು ಸ್ಕೇಲ್ (ತಂತಿ ಮಿಡಿಯುವ ಉದ್ದ), ಮಾಮೂಲಿ 45-65-85-105 ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ). ನಮ್ಮ ಗಿಟಾರಿಸ್ಟ್ ಇನ್ಮೇಲೆ ಎಲ್ಲಾ ಸಿ ಸ್ಟ್ಯಾಂಡರ್ಡ್‌ನಲ್ಲೇ ಎಂದು ಹಠ ಹಿಡಿದಿದ್ದಾನೆ (ಹಾಡುವವನ ಗಂಟಲಿಗೆ ಅದೇ ಸುಖವಂತೆ), ಹಾಗಾಗಿ ನಾನೂ ಮಾಮೂಲಿ ಇ-ಎ-ಡಿ-ಜಿ ಯಿಂದ ನಾಲ್ಕು ಸೆಮಿಟೋನ್ (ಅರ್ಧ ಸ್ವರ) ಕೆಳಗೆ, ಸಿ-ಎಫ್-ಎ ಶಾರ್ಪ್-ಡಿ ಶಾರ್ಪ್‌ಗೆ ಇಳಿಸಿದೆ. ಈಗ ದಪ್ಪ ತಂತಿ ಬಟ್ಟೆ ಒಣಗಿಸುವ ಹಗ್ಗದ ಥರ ಜೋತು ಬಿದ್ದಿದೆ. ಸ್ವಲ್ಪ ಜೋರಾಗಿ ಮೀಟಿದರೆ ಫ್ರೆಟ್‌ಗೆ ಬಡಿದು ಟರ್ ಎನ್ನುತ್ತದೆ, ಟ್ಯೂನರ್ ಮುಳ್ಳು ಮೊದಲು ಮೇಲೆ ಹಾರಿ ಆಮೇಲೆ ಸಿ ಗೆ ಬಂದು ನಿಲ್ಲುತ್ತದೆ.

ಬ್ರಿಡ್ಜ್ ಸ್ಯಾಡಲ್ (ಬುಡದಲ್ಲಿ ತಂತಿ ಕೂರುವ ತುಂಡು) ಎತ್ತಿ ನೋಡಿದೆ. ಸದ್ದು ಕಡಿಮೆ ಆಯಿತು, ಆದರೆ ಬೆರಳು ನೋವು, 12ನೇ ಫ್ರೆಟ್‌ನಲ್ಲಿ ಸ್ವರವೂ ತಪ್ಪುತ್ತಿದೆ. ಟ್ರಸ್ ರಾಡ್ (ಕತ್ತಿನ ಬಾಗು ಸರಿಪಡಿಸುವ ಒಳಗಿನ ಸರಳು) ಕಾಲು ಸುತ್ತು ಸಡಿಲ ಮಾಡಿದರೂ ಅಷ್ಟೇ. ನಾಲ್ಕು ಸೆಮಿಟೋನ್ ಇಳಿಸಿದರೆ ಬಿಗಿತ ಸುಮಾರು 37% ಕಡಿಮೆ ಆಗುತ್ತದೆ, ಸೆಟಪ್ ಒಂದರಿಂದಲೇ ಅದನ್ನು ಸರಿ ಮಾಡೋಕೆ ಆಗಲ್ಲ ಅಲ್ವಾ?

ನನ್ನ ಲೆಕ್ಕದ ಪ್ರಕಾರ ಹಳೆಯ ಬಿಗಿತ ಬೇಕಾದರೆ 130ರ ಹತ್ತಿರದ ತಂತಿ ಬೇಕು. ಅಂದರೆ ಐದು ತಂತಿಯ ಸೆಟ್ ತಂದು, 45 ಬಿಟ್ಟು, 130-105-85-65 ಹಾಕಬೇಕು. ಅಂಗಡಿಯವರು ಮಾತ್ರ 110 ಸಾಕು, ಸುಮ್ನೆ ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರುವ ಕಚ್ಚುಗಳ ಪಟ್ಟಿ) ಹಾಳು ಮಾಡ್ಕೋಬೇಡಿ ಅಂತಾರೆ. ನನಗೂ ಅದೇ ಭಯ. ಒಮ್ಮೆ ಅರ ಹಾಕಿ ನಟ್ ಕಚ್ಚು ಅಗಲ ಮಾಡಿದರೆ ಮತ್ತೆ 105 ಹಾಕಿದಾಗ ಅದು ಅಲ್ಲಾಡುತ್ತದೆ.

ಸಿ ಸ್ಟ್ಯಾಂಡರ್ಡ್‌ನಲ್ಲಿ 34 ಇಂಚು ಬೇಸ್ ನುಡಿಸುವವರು ಹೇಳಿ: 110 ಸಾಕಾ, 130ಕ್ಕೇ ಹೋಗಬೇಕಾ? 130 ಹಾಕಿದವರು ನಟ್ ಉಜ್ಜಿಸಿದಿರಾ, ಇಲ್ಲಾ ಹೊಸ ನಟ್ ಕೂರಿಸಿದಿರಾ?